ಒಂದು ತಟ್ಟಿದರೆ ಎಡಕ್ಕೆ

ಹಕ್ಕಿಗಳ ದ್ವೀಪದ ದೊಡ್ಡ ಮರ ಗಾಳಿಗೆ ಬಿದ್ದು ತಿಂಗಳಾಗಿತ್ತು. ಇದು ಸೊಸೆಗೆ ಗೊತ್ತಿತ್ತು, ದೋಣಿ ಕಟ್ಟುವ ಧಕ್ಕೆಯ ಮೇಲೆ ಬಲೆ ಒಣಗಿಸುವವರಿಗೆ ಗೊತ್ತಿತ್ತು, ಐಸ್ ಮಾರುವವನಿಗೂ ಗೊತ್ತಿತ್ತು. ದಿನಕ್ಕೆರಡು ಬಾರಿ ಅದರ ಮುಂದೆಯೇ ದೋಣಿ ನಡೆಸುವ ಮಾವನಿಗೆ ಮಾತ್ರ ಗೊತ್ತಿರಲಿಲ್ಲ. ಅವರು ಈಗಲೂ ಇಂಜಿನ್ನಿನ ಸದ್ದು ಇಳಿಸಿ, ಬಲಗೈ ಎತ್ತಿ, "ಅಗೋ, ಆ ಮರದ ತುದಿ ನೋಡಿ. ಕಡಲಹದ್ದಿನ ಗೂಡು. ಹೆಣ್ಣು ಕೂತಿದೆ, ಗಂಡು ಬೇಟೆಗೆ ಹೋಗಿದೆ" ಎನ್ನುತ್ತಿದ್ದರು. ದೋಣಿಯಲ್ಲಿದ್ದ ಆರು ಜನ ದುರ್ಬೀನು ಏರಿಸಿ, ಬರೀ ಆಕಾಶ ನೋಡಿ, ಹಿರಿಯರ ಮಾತಿಗೆ ಎದುರಾಡುವುದೇಕೆ ಎಂದು "ಹೌದು ಹೌದು" ಎನ್ನುತ್ತಿದ್ದರು.

ದಾಕ್ಷಿಣ್ಯವಿಲ್ಲದ ಗಿರಾಕಿಯೊಬ್ಬ ಬರುವ ತನಕ ಇದು ಹೀಗೇ ನಡೆಯಿತು. ಅವನು ಮನೆಗೆ ಹೋಗಿ ಫೋನಿನಲ್ಲಿ ನಾಲ್ಕು ಸಾಲು ಬರೆದ. ಕಾಲೇಜಿಗೆ ಹೋಗುವ ಮೊಮ್ಮಗಳು ಅದನ್ನು ಭಾನುವಾರ ಮಧ್ಯಾಹ್ನ, ಎಲ್ಲರ ಬಾಯಲ್ಲೂ ತುತ್ತಿರುವಾಗ, ಗಟ್ಟಿಯಾಗಿ ಓದಿದಳು.

"'ದೋಣಿ ಚೊಕ್ಕಟವಾಗಿದೆ. ಡಾಲ್ಫಿನ್ ಕಂಡವು. ದೋಣಿ ನಡೆಸುವ ಅಜ್ಜ ಬಹಳ ಒಳ್ಳೆಯವರು. ಆದರೆ ಅವರು ತೋರಿಸಿದ ಮರದಲ್ಲಿ ಗೂಡಿಲ್ಲ. ಯಾಕೆಂದರೆ ಅಲ್ಲಿ ಮರವೇ ಇಲ್ಲ.'"

ಮಾವ ತುತ್ತು ನುಂಗಿದರು. "ಬೇರೆ ಕಡೆ ನೋಡಿರ್ತಾನೆ. ಕೆಲವರಿಗೆ ದುರ್ಬೀನು ಕೊಟ್ಟರೂ ಅಷ್ಟೆ, ಕೊಡದಿದ್ದರೂ ಅಷ್ಟೆ."

"ಐದರಲ್ಲಿ ಮೂರೇ ನಕ್ಷತ್ರ ಕೊಟ್ಟಿದ್ದಾನೆ ಅಜ್ಜ."

"ಉಳಿದ ಎರಡು ಅವನೇ ಇಟ್ಕೊಳ್ಳಲಿ ಬಿಡು. ಅವನಿಗೇ ಬೇಕಾಗುತ್ತೆ."

ಎಲ್ಲರೂ ನಕ್ಕರು. ಮಗ ಮಾತ್ರ ನಗಲಿಲ್ಲ. ಅವನು ಹೆಂಡತಿಯ ಕಡೆ ತಿರುಗಿ, "ಆ ಮರ ಇದೆಯೋ ಇಲ್ಲವೋ?" ಎಂದ.

ಸೊಸೆ ಸಾರಿನ ಪಾತ್ರೆ ಎತ್ತಿಕೊಂಡಳು. "ಇನ್ನೊಂದು ಸೌಟು ಹಾಕಲಾ?"

"ನಾನು ಕೇಳಿದ್ದು ಮರ."

"ಕೊಂಬೆ ಗಿಂಬೆ ಮುರಿದಿರಬಹುದು ರೀ. ಗಾಳಿ ಬಂದಿತ್ತಲ್ಲ."

ಅತ್ತೆ ಆ ಹೊತ್ತಿಗೆ ಗಂಡನ ತಟ್ಟೆಗೆ ಮೀನಿನ ತುಂಡು ಹಾಕಿ, ಯಾರಿಗೋ ಹೇಳುವಂತೆ, "ಮೀನು ಬಲಗಡೆ ಇದೆ" ಎಂದರು. ಆ ಮಾತನ್ನು ಆವತ್ತು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಗನಿಗೆ ಮರದ ಸುದ್ದಿ ತಿಳಿಯದಿದ್ದದ್ದಕ್ಕೆ ಕಾರಣವಿದೆ. ದೋಣಿಯವರ ಮನೆಯಲ್ಲಿ ಹುಟ್ಟಿ, ದೋಣಿಯ ಅನ್ನ ತಿಂದು ಬೆಳೆದ ಈ ನಲವತ್ತೈದರ ಗಂಡಸಿಗೆ ನೀರಿನ ಮೇಲೆ ಅರ್ಧ ಗಂಟೆ ಕಳೆದರೆ ಹೊಟ್ಟೆ ತೊಳಸುತ್ತದೆ. ಆದ್ದರಿಂದ ಅವನದು ದಡದ ಕೆಲಸ. ಫೋನಿನಲ್ಲಿ ಗಿರಾಕಿಗಳನ್ನು ಹಿಡಿಯುವುದು, ಇಂಜಿನ್ ಬಿಚ್ಚಿ ಎಣ್ಣೆ ಹಾಕುವುದು, ಲೈಫ್ ಜಾಕೆಟ್ ತೊಳೆದು ಸಾಲಾಗಿ ನೇತುಹಾಕುವುದು. ಮಾವ ಚುಕ್ಕಾಣಿ ಹಿಡಿದರೆ ಸೊಸೆ ದೋಣಿಯ ಮೂತಿಯಲ್ಲಿ ಕೂರುತ್ತಾಳೆ. ಅತ್ತೆ ಬುತ್ತಿ ಕಟ್ಟುತ್ತಾರೆ. ಒಂದು ಸಲಕ್ಕೆ ಒಂದೇ ಪಾರ್ಟಿ, ಹೆಚ್ಚೆಂದರೆ ಆರು ಜನ. ಮೂರು ಗಂಟೆಯ ಸುತ್ತಿನಲ್ಲಿ ಡಾಲ್ಫಿನ್, ನೀರುಕಾಗೆ, ಅದೃಷ್ಟವಿದ್ದರೆ ಒಂದು ಆಮೆ, ಕೊನೆಗೆ ಹಕ್ಕಿಗಳ ದ್ವೀಪ.

ಧಕ್ಕೆಯಲ್ಲಿ ಮಾವನಿಗೆ 'ಹದ್ದಿನಕಣ್ಣು' ಎಂದೇ ಹೆಸರು. ಬೇರೆ ದೋಣಿಯವರು ಇಂಜಿನ್ ಸದ್ದು ಮಾಡಿಕೊಂಡು ಡಾಲ್ಫಿನ್ ಹುಡುಕುತ್ತಿದ್ದ ಕಾಲದಲ್ಲಿ ಇವರು ಬೀಡಿ ಸೇದುತ್ತಾ ಕೂತು, ಹಣೆಗೆ ಕೈ ಅಡ್ಡ ಹಿಡಿದು, "ಅಲ್ಲಿ" ಎಂದರೆ ಅಲ್ಲಿ ಏಳುತ್ತಿತ್ತಂತೆ. ಅವರ ದೋಣಿಗೆ ಅವರದೇ ಕಾನೂನುಗಳಿದ್ದವು. ದ್ವೀಪಕ್ಕೆ ಎಂಬತ್ತು ಮಾರು ಇರುವಾಗ ಇಂಜಿನ್ ಆರಿಸಿ ದೋಣಿಯನ್ನು ನೀರಿನ ಸೆಳೆತಕ್ಕೆ ಬಿಡಬೇಕು. ಹಕ್ಕಿಗಳ ಹತ್ತಿರ ಯಾರೂ ಕೂಗಬಾರದು. ಮೂತಿಯಲ್ಲಿ ಕೂತವರು ಏನಾದರೂ ಹೇಳಬೇಕಿದ್ದರೆ ಮುರಿದ ಹುಟ್ಟಿನ ಹಿಡಿಯಿಂದ ಹಲಗೆಗೆ ತಟ್ಟಬೇಕು. ಒಂದು ತಟ್ಟಿದರೆ ಎಡಕ್ಕೆ, ಎರಡು ತಟ್ಟಿದರೆ ಬಲಕ್ಕೆ, ಮೂರಕ್ಕೆ ನಿಲ್ಲು. ಚುಕ್ಕಾಣಿಯಲ್ಲಿದ್ದವನು ಯಾಕೆ, ಏನು ಎಂದು ಕೇಳದೆ ತಿರುಗಿಸಬೇಕು.

ಹದಿನೆಂಟು ವರ್ಷದ ಹಿಂದೆ ಮೂತಿಯ ಕೆಲಸದವನು ಬಿಟ್ಟು ಹೋದಾಗ, ಮದುವೆಯಾಗಿ ಆರು ತಿಂಗಳೂ ಆಗದ ಸೊಸೆಯನ್ನು ಮಾವ ಅಲ್ಲಿ ಕೂರಿಸಿದ್ದರು. ಧಕ್ಕೆಯವರು ನಕ್ಕರು. "ಇವಳು ನೀರು ನೋಡ್ತಾಳೆ, ನೀವು ಇವಳನ್ನ ನೋಡ್ತೀರಿ. ಕೆಲಸದವರು ಯಾರು?" ಎಂದು ಮಾವ ಕೇಳಿದ ಮೇಲೆ ಆ ನಗು ನಿಂತಿತು. ಸೊಸೆ ಅದನ್ನು ಮರೆತಿರಲಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ದೋಣಿಯ ದಾರಿಯಲ್ಲೇ ಕೆಂಪು ಪೀಪಾಯಿ ತೇಲುತ್ತಿತ್ತು. ಕುರುಡನಿಗೂ ಕಾಣುವಂಥದ್ದು ಎಂದು ಅವಳು ತಟ್ಟಿರಲಿಲ್ಲ. ಮಾವ ನೇರ ಅದರ ಮೇಲೆಯೇ ದೋಣಿ ಬಿಟ್ಟರು. ಕೊನೆಯ ಗಳಿಗೆಯಲ್ಲಿ ಅವಳು ತಟ್ಟಿದಳು, ಅವರು ತಿರುಗಿಸಿದರು. ಆವತ್ತಿನಿಂದ ಅವಳು ತಟ್ಟುವುದು ಹೆಚ್ಚಾಯಿತು. ಮೊದಲು ಸುತ್ತಿಗೆ ಹತ್ತು ಸಲ ತಟ್ಟುತ್ತಿದ್ದವಳು ಈಗ ಐವತ್ತು ಅರವತ್ತು ಸಲ ತಟ್ಟುತ್ತಿದ್ದಳು. ಬಂಡೆ, ಬಲೆಯ ತೇಲುಗಂಬ, ಎದುರು ದೋಣಿ, ಎಲ್ಲವನ್ನೂ ಹಾಗೆ ಹೇಳಬಹುದಿತ್ತು. ಮರ ಬಿದ್ದಿದೆ ಎನ್ನಲು ಎಷ್ಟು ತಟ್ಟಬೇಕೆಂದು ಮಾವನ ಕಾನೂನಿನಲ್ಲಿ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಮಗ ಟೋಪಿ ಹಾಕಿಕೊಂಡು ಧಕ್ಕೆಗೆ ಬಂದ. "ನೀನು ಇವತ್ತು ಮನೆಯಲ್ಲಿರು. ಮೂತಿಯಲ್ಲಿ ನಾನು ಕೂರ್ತೀನಿ," ಎಂದ ಹೆಂಡತಿಗೆ.

"ನಿಮ್ಮ ಕೈಲಿ ಆಗಲ್ಲ ರೀ. ಹೊಟ್ಟೆ ಕೇಳಲ್ಲ."

"ನಿಂಬೆಹಣ್ಣು ಇಟ್ಕೊಂಡಿದ್ದೀನಿ." ಅವನು ಜೇಬು ತಟ್ಟಿ ತೋರಿಸಿದ. "ಆ ಮರದ ವಿಷಯ ನಾನೇ ಕಣ್ಣಾರೆ ನೋಡಬೇಕು."

"ತಟ್ಟೋದು ಮಾತ್ರ ಮರೀಬೇಡಿ. ಏನೇ ಕಂಡರೂ ತಟ್ಟುತ್ತಾ ಇರಿ."

"ಅಪ್ಪನಿಗೆ ದಾರಿ ನಾನು ಹೇಳಿಕೊಡಬೇಕಾ? ನಲವತ್ತು ವರ್ಷದಿಂದ ಇದೇ ದಾರಿ ಹೋಗ್ತಿದ್ದಾನೆ."

ಅವಳು ಆಗ ಬಾಯಿ ಬಿಟ್ಟು ಹೇಳಬೇಕಿತ್ತು. ಮಾವ ಎರಡು ಹೆಜ್ಜೆ ಆಚೆ, ಹಗ್ಗ ಸುತ್ತುತ್ತಾ ನಿಂತಿದ್ದರು. ಅವಳು ಬುತ್ತಿಯನ್ನು ಗಂಡನ ಕೈಗಿಟ್ಟು ಮನೆಗೆ ಹೊರಟಳು. ಅದು ಅವಳ ತಪ್ಪು, ಆಮೇಲೆ ಅವಳೂ ಅದನ್ನು ಅಲ್ಲಗಳೆಯಲಿಲ್ಲ.

ನಡೆದದ್ದು ಇಷ್ಟು. ಎರಡು ಬಂಡೆಗಳ ನಡುವಿನ ಸಂದಿಗೆ ದೋಣಿ ಬರುವ ಹೊತ್ತಿಗೆ ಮಗ ಮೂತಿಯಲ್ಲಿ ಮಂಡಿಯೂರಿ, ತಲೆಯನ್ನು ನೀರಿನ ಕಡೆ ಬಾಗಿಸಿ, ಬೆಳಗಿನ ತಿಂಡಿಯನ್ನು ಸಮುದ್ರಕ್ಕೆ ಒಪ್ಪಿಸುತ್ತಿದ್ದ. ಹುಟ್ಟಿನ ಹಿಡಿ ಎಲ್ಲೋ ಉರುಳಿತ್ತು. ಸದ್ದು ಬರಲಿಲ್ಲ. ಮಾವ ಒಂದು ಕ್ಷಣ ಕಾದು ಇಂಜಿನ್ ಆರಿಸಿಬಿಟ್ಟರು. ಅಲೆ ದೋಣಿಯನ್ನು ಎತ್ತಿ ಬಂಡೆಗೆ ಉಜ್ಜಿತು. ಒಬ್ಬ ಹೆಂಗಸು ಬಿದ್ದು ಮಂಡಿ ತರಚಿಕೊಂಡಳು, ಅವಳ ಮಗು ಕಿಟಾರನೆ ಕಿರುಚಿತು. ಮಗ ಬಾಯಿ ಒರೆಸಿಕೊಂಡು, ಉದ್ದದ ಬಿದಿರ ಗಳು ಎಳೆದು, ಬಂಡೆಗೆ ಒತ್ತಿ ಹೇಗೋ ದೋಣಿಯನ್ನು ಆಚೆ ತಳ್ಳಿದ.

"ಯಾಕಪ್ಪಾ ಇಲ್ಲಿ ಆರಿಸಿದೆ?"

"ನೀನು ತಟ್ಟಲಿಲ್ಲ."

"ತಟ್ಟೋದೇನು, ಬಂಡೆ ಎದುರಿಗೇ ಇದೆಯಲ್ಲ!"

ಮಾವ ಬಂಡೆಯನ್ನು ನೋಡಲು ಮುಖ ತಿರುಗಿಸಿದರು. ಬಂಡೆ ಇದ್ದದ್ದು ಇನ್ನೊಂದು ಬದಿಗೆ.

ಗಿರಾಕಿಗಳಿಗೆ ದುಡ್ಡು ವಾಪಸು ಕೊಟ್ಟು, ಮಂಡಿಗೆ ಪಟ್ಟಿ ಹಾಕಿಸಿ, ಕೈಮುಗಿದು ಕಳಿಸಿ ಮಗ ಮನೆಗೆ ಬಂದಾಗ ಮಧ್ಯಾಹ್ನದ ಊಟದ ಹೊತ್ತು. ಮಾವ ಜಗಲಿಯಲ್ಲೇ ಕೂತರು, ಒಳಗೆ ಬರಲಿಲ್ಲ. ಸೊಸೆ ಈರುಳ್ಳಿ ಹೆಚ್ಚುತ್ತಿದ್ದಳು.

"ಎಷ್ಟು ದಿನದಿಂದ ಗೊತ್ತು ನಿನಗೆ?" ಎಂದ ಮಗ.

ಅವಳು ಚಾಕು ಕೆಳಗಿಟ್ಟಳು. "ಒಂದು ವರ್ಷ."

"ಒಂದು ವರ್ಷ! ದಿನಾ ಹನ್ನೆರಡು ಜನರನ್ನ ಕಣ್ಣು ಕಾಣದವನ ಕೈಗೆ ಕೊಟ್ಟು ಕಳಿಸ್ತಿದ್ದೆ ನಾನು. ನೀನು ಪಕ್ಕದಲ್ಲೇ ಕೂತು ನೋಡ್ತಿದ್ದೆ."

"ನೋಡ್ತಿದ್ದೆ ಅಂತಲೇ ಏನೂ ಆಗಲಿಲ್ಲ."

"ನಿನಗೆ ಒಂದು ದಿನ ತಲೆ ತಿರುಗಿದ್ರೆ? ಒಂದು ಸಲ ಕೆಮ್ಮು ಬಂದಿದ್ರೆ?"

ಗಂಡ ಹೇಳುತ್ತಿದ್ದದ್ದು ನ್ಯಾಯವೇ ಆಗಿತ್ತು. "ಹೇಳೋಕೆ ಬಾಯಿ ಬರಲಿಲ್ಲ ರೀ," ಎಂದಳು. "ಮಾವನ ಮುಖ ನೋಡಿ ಹೇಗೆ ಹೇಳಲಿ?"

"ನನಗೆ ಹೇಳಬಹುದಿತ್ತು."

"ನಿಮಗೆ ಹೇಳೋದೂ ಒಂದೇ, ಧಕ್ಕೆಯಲ್ಲಿ ಡಂಗುರ ಹೊಡೆಯೋದೂ ಒಂದೇ."

ಮೊಮ್ಮಗಳು ಕಿಸಕ್ಕೆಂದಳು. ಅಪ್ಪ ಅವಳನ್ನು ದುರುಗುಟ್ಟಿ ನೋಡಿದ. ಆಗ ಒಲೆಯ ಮುಂದಿದ್ದ ಅತ್ತೆ ಸೌಟು ಕುಕ್ಕಿದರು.

"ಅವಳನ್ನ ಯಾಕೆ ಬೈತೀಯ? ಬೈಯೋದಾದ್ರೆ ನನ್ನನ್ನೂ ಬೈ. ವರ್ಷದಿಂದ ಇವರ ತಟ್ಟೆಗೆ ಮೀನು ಬಲಗಡೆ, ಪಲ್ಯ ಎಡಗಡೆ, ಉಪ್ಪಿನಕಾಯಿ ಮೇಲೆ ಅಂತ ಬಡಿಸ್ತಾ ಇದ್ದೀನಿ. ನೀರಿನ ಲೋಟ ಒಂದು ಅಂಗುಲ ಆಚೆ ಇಟ್ಟರೆ ಸಿಗಲ್ಲ ಅವರಿಗೆ. ನೀನು ದಿನಾ ಎದುರಿಗೇ ಕೂತು ಉಣ್ಣುತ್ತಿದ್ದೆ. ನಿನಗೆ ಕಣ್ಣಿರಲಿಲ್ವಾ?"

ಸೊಸೆ ಅತ್ತೆಯ ಮುಖ ನೋಡಿದಳು. ಒಂದೇ ಸೂರಿನಡಿ ಇಬ್ಬರು ಹೆಂಗಸರು ಒಂದೇ ಗುಟ್ಟನ್ನು ಒಬ್ಬರಿಗೊಬ್ಬರು ತಿಳಿಯದ ಹಾಗೆ ಕಾಯ್ದಿದ್ದರು. ಅವಳಿಗೆ ನಗುವೂ ಬಂತು, ಅಳುವೂ ಬಂತು. ಎರಡಕ್ಕೂ ಈರುಳ್ಳಿಯ ನೆಪ ಇತ್ತು.

ಜಗಲಿಯಿಂದ ಮಾವನ ಧ್ವನಿ ಬಂತು. "ಜಗಳ ಮುಗಿದಿದ್ರೆ ಊಟಕ್ಕೆ ಹಾಕಿ. ಕಣ್ಣು ಹೋಗಿದೆ, ಹೊಟ್ಟೆ ಹೋಗಿಲ್ಲ."

ಕಣ್ಣಿನ ಡಾಕ್ಟರು ಅರ್ಧ ಗಂಟೆ ದೀಪ ಬಿಟ್ಟು ನೋಡಿದರು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಪೊರೆಯಲ್ಲ. ಹಿಂದಿನ ನರ ಒಣಗಿದೆ, ಹೋದದ್ದು ಬರುವುದಿಲ್ಲ. ಉಳಿದ ಒಂದಿಷ್ಟು ಬೆಳಕು ನೆರಳನ್ನು ದಿನಕ್ಕೆ ನಾಲ್ಕು ಸಲ ಹನಿ ಹಾಕಿ ಕಾಪಾಡಿಕೊಳ್ಳಬೇಕು. ಮಾವ ಎಲ್ಲವನ್ನೂ ಕೇಳಿ, "ಫೀಸು ಕೊಟ್ಟು ಬಾ," ಎಂದು ಮಗನಿಗೆ ಹೇಳಿ, ಬಾಗಿಲಿನ ಕಡೆ ಹೊರಟರು. ಹೊರಟದ್ದು ಔಷಧಿಯ ಕಪಾಟಿನ ಕಡೆಗೆ. ಸೊಸೆ ಭುಜ ಹಿಡಿಯಲು ಕೈ ಚಾಚಿದಳು. ಅವರು ಕೊಡವಿಕೊಂಡರು.

ಆಮೇಲೆ ಮೂರು ದಿನ ಅವರು ಅವಳ ಜೊತೆ ಮಾತಾಡಲಿಲ್ಲ. ಮಗನ ಜೊತೆ ಮಾತಾಡಿದರು, ಬೆಕ್ಕಿನ ಜೊತೆಯೂ ಮಾತಾಡಿದರು. ಅವಳಿಗೆ ಗಂಡನ ಬೈಗುಳಕ್ಕಿಂತ ಇದು ಹೆಚ್ಚು ಚುಚ್ಚಿತು.

"ಚುಕ್ಕಾಣಿಗೆ ಬೇರೆ ಜನ ನೋಡಬೇಕು," ಎಂದು ಮಗ ನಾಲ್ಕನೆಯ ದಿನ ಊಟಕ್ಕೆ ಕೂತಾಗ ಮಾತು ತೆಗೆದ.

"ಬೇರೆಯವರು ಯಾಕೆ, ಇವಳಿಲ್ವಾ?" ಎಂದರು ಅತ್ತೆ. "ಹದಿನೆಂಟು ವರ್ಷ ಮೂತಿಯಲ್ಲಿ ಸುಮ್ಮನೆ ಗಾಳಿ ಕುಡಿದಳಾ?"

"ಬೇಡ ಅತ್ತೆ," ಎಂದಳು ಸೊಸೆ ತಟ್ಟನೆ. "ಮಾವ ಕೂತ ಜಾಗದಲ್ಲಿ ನಾನು ಕೂರಲ್ಲ."

ಮಾವ ಅನ್ನ ಕಲಸುತ್ತಲೇ ಇದ್ದರು.

ಹೊಸಬ ಬಂದ. ಮೂವತ್ತರ ಆಸುಪಾಸು, ಲೈಸೆನ್ಸ್ ಇತ್ತು, ಕೈ ಚುರುಕು. ಧಕ್ಕೆಯವರು ಅವನನ್ನು 'ಗಡಿಬಿಡಿ' ಎಂದು ಕರೆಯುತ್ತಿದ್ದರು. ಕೆಟ್ಟವನೇನಲ್ಲ. ಗಿರಾಕಿಗಳಿಗೆ ಖುಷಿಯಾಗಬೇಕು ಎನ್ನುವುದೊಂದೇ ಅವನಿಗೆ ಗೊತ್ತಿದ್ದ ವಿದ್ಯೆ.

ಇತ್ತ ಮನೆಯಲ್ಲಿ ಮಾವನಿಗೆ ಕೆಲಸವಿಲ್ಲದಾಯಿತು. ಕೆಲಸವಿಲ್ಲದ ಗಂಡಸು ಮನೆಯಲ್ಲಿದ್ದರೆ ಏನಾಗುತ್ತದೋ ಅದೇ ಆಯಿತು. ಬೆಳಿಗ್ಗೆ ಎದ್ದು ಡಬ್ಬಗಳನ್ನೆಲ್ಲ ಮುಟ್ಟಿ ನೋಡಿ, ತಮಗೆ ಸರಿಕಂಡ ಕ್ರಮದಲ್ಲಿ ಜೋಡಿಸಿದರು. ಅತ್ತೆ ಚಹಾಕ್ಕೆ ಉಪ್ಪು ಹಾಕಿದರು.

"ಸಕ್ಕರೆ ಡಬ್ಬ ಎಲ್ಲಿಟ್ರಿ?"

"ಎಡದಿಂದ ಮೂರನೆಯದು. ಯಾವುದಕ್ಕೂ ಒಂದು ಕ್ರಮ ಇರಬೇಕು."

"ನಿಮ್ಮ ಕ್ರಮ ದೋಣಿಯಲ್ಲಿಟ್ಕೊಳ್ಳಿ. ನನ್ನ ಅಡುಗೆಮನೆಗೆ ಕಪ್ತಾನ ಬೇಡ."

"ದೋಣಿ ಎಲ್ಲಿದೆ ನನಗೆ?" ಎಂದರು ಮಾವ.

ಅತ್ತೆ ಚಹಾ ಚೆಲ್ಲಿ ಹೊಸದಾಗಿ ಮಾಡಿದರು, ಅವರ ಕೈಯನ್ನು ಹಿಡಿದು ಲೋಟಕ್ಕೆ ಮುಟ್ಟಿಸಿದರು. ಹನಿ ಹಾಕುವ ಕೆಲಸವೂ ಅವರದೇ. ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಕಣ್ಣು ಬಿಡಿ, ಬಾಯಿ ಮುಚ್ಚಿ," ಎಂದು ಗದರಿಕೊಂಡೇ ಹಾಕುತ್ತಿದ್ದರು.

ಗಡಿಬಿಡಿ ಬಂದ ಎರಡನೆಯ ವಾರ. ಹಕ್ಕಿಗಳು ಮೊಟ್ಟೆ ಇಟ್ಟ ಕಾಲ. ರೀವಗಳೆಂದರೆ ಕತ್ತರಿಬಾಲದ ಪುಟ್ಟ ಬಿಳಿ ಹಕ್ಕಿಗಳು. ಅವು ಗೂಡು ಕಟ್ಟುವುದಿಲ್ಲ, ಬರೀ ಮರಳಿನ ಮೇಲೆ, ಕಪ್ಪೆಚಿಪ್ಪುಗಳ ನಡುವೆ ಮೊಟ್ಟೆ ಇಟ್ಟು ಅದರ ಮೇಲೆ ಕೂರುತ್ತವೆ. ಎಂಬತ್ತು ಮಾರು ಬಂತು. ಸೊಸೆ ಮೂರು ತಟ್ಟಿದಳು. ಇಂಜಿನ್ ನಿಲ್ಲಲಿಲ್ಲ. ಅರವತ್ತು ಬಂತು, ನಲವತ್ತು ಬಂತು. ಅವಳು ಮತ್ತೆ ತಟ್ಟಿದಳು.

"ಅದೇನಕ್ಕ ಬಡೀತಾನೇ ಇದ್ದೀಯ?" ಎಂದು ಅವನು ಹಿಂದಿನಿಂದ ಕೂಗಿದ. "ಇರು, ಇವರಿಗೆ ಒಂದು ತಮಾಷೆ ತೋರಿಸ್ತೀನಿ!"

ಇಂಜಿನ್ನನ್ನು ಒಮ್ಮೆ ಜೋರಾಗಿ ಗುರ್ರೆನಿಸಿದ. ದ್ವೀಪವೇ ಎದ್ದ ಹಾಗೆ ಸಾವಿರ ಹಕ್ಕಿ ಒಟ್ಟಿಗೆ ಎದ್ದವು. ಗಿರಾಕಿಗಳು ಓಹೋ ಎಂದು ಚಪ್ಪಾಳೆ ತಟ್ಟಿದರು, ಫೋನು ಎತ್ತಿದರು. ಸೊಸೆ ಮೇಲೆ ನೋಡಲಿಲ್ಲ, ಕೆಳಗೆ ನೋಡಿದಳು. ಬರಿದಾದ ಮರಳಿಗೆ ಕಾಗೆಗಳು ಇಳಿದವು. ಎಷ್ಟು ಇಳಿದವು, ಎಷ್ಟು ಸಲ ಕೊಕ್ಕು ತುಂಬಿಕೊಂಡು ಹೋದವು ಎಂದು ಎಣಿಸುತ್ತಾ ಹನ್ನೊಂದಕ್ಕೆ ಕೈಬಿಟ್ಟಳು.

ಹಿಂತಿರುಗುವಾಗ ದ್ವೀಪದ ಬೆನ್ನ ಕಡೆ, ಹಳೆಯ ದೀಪದ ಕಂಬದ ತುದಿಗೆ ಕಡಲಹದ್ದು ಒಂದು ಕಡ್ಡಿ ಒಯ್ಯುತ್ತಿದ್ದದ್ದು ಅವಳಿಗೆ ಕಂಡಿತು. ಮರ ಹೋದದ್ದಕ್ಕೆ ಅದು ಬೇರೆ ಮನೆ ಹುಡುಕಿಕೊಂಡಿತ್ತು. ಹೇಳೋಣವೆಂದರೆ ಕೇಳುವ ಮನುಷ್ಯ ದೋಣಿಯಲ್ಲಿರಲಿಲ್ಲ.

ಮರುದಿನ ಊಟಕ್ಕೆ ಕೂತಾಗ ಮಗನ ಮುಖ ಅರಳಿತ್ತು. "ಓದು, ಓದು," ಎಂದ ಮಗಳಿಗೆ.

"'ಅದ್ಭುತ! ಹಕ್ಕಿಗಳನ್ನು ಇಷ್ಟು ಹತ್ತಿರದಿಂದ ನೋಡಿದ್ದು ಜೀವನದಲ್ಲಿ ಇದೇ ಮೊದಲು.' ಐದು ನಕ್ಷತ್ರ."

"ಹತ್ತಿರದಿಂದ?" ಮಾವ ಕೈ ನಿಲ್ಲಿಸಿದರು. "ಎಷ್ಟು ಹತ್ತಿರದಿಂದ?"

ಅವರು ಸೊಸೆಯ ಕಡೆಗೆ ಮುಖ ಮಾಡಿದರು. "ನಿನ್ನನ್ನೇ ಕೇಳ್ತಿರೋದು."

"ಮೂವತ್ತು ಮಾರು ಮಾವ. ಇಂಜಿನ್ ಹಾಕಿಕೊಂಡೇ. ಕಾಗೆ ಇಳಿದವು."

ಮಾವ ತಟ್ಟೆಯಲ್ಲೇ ಕೈ ತೊಳೆದುಕೊಂಡು ಎದ್ದರು. ಅವರ ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಉಳಿದಿತ್ತು. ಆ ಮನೆಯಲ್ಲಿ ಅವರು ಅನ್ನ ಬಿಟ್ಟು ಎದ್ದದ್ದನ್ನು ಯಾರೂ ಕಂಡಿರಲಿಲ್ಲ.

ಮಗ ಪೆಚ್ಚಾದ. "ನಾನು ಅವನಿಗೆ ಹೇಳ್ತೀನಿ. ದೂರ ನಿಲ್ಲಿಸು ಅಂತ ಖಡಾಖಂಡಿತವಾಗಿ ಹೇಳ್ತೀನಿ."

"ನೀವು ದಡದಲ್ಲಿ ಹೇಳ್ತೀರಿ, ಅವನು ನೀರಿನಲ್ಲಿ ಮರೀತಾನೆ," ಎಂದಳು ಸೊಸೆ. "ನಾನು ಹಿಡೀತೀನಿ ಚುಕ್ಕಾಣಿ."

"ನಿನಗೆ ಬರುತ್ತಾ?"

"ಅಪ್ಪಾ," ಎಂದಳು ಮಗಳು, "ನೀನು ಅಮ್ಮನ ಕೆಲಸ ಮಾಡಿದ್ದು ಒಂದೇ ದಿನ. ಅದೂ ತಲೆ ನೀರಿಗೆ ಹಾಕಿಕೊಂಡು."

ಮಗನಿಗೂ ನಗು ತಡೆಯಲಾಗಲಿಲ್ಲ. ನಕ್ಕು, "ಹಾಗೇ ಆಗಲಿ," ಎಂದ.

ಸೊಸೆ ಜಗಲಿಗೆ ಹೋಗಿ ಮಾವನ ಮುಂದೆ ನಿಂತಳು. "ಲೈಸೆನ್ಸ್ ಪರೀಕ್ಷೆಗೆ ಅರ್ಜಿ ಹಾಕ್ತೀನಿ ಮಾವ. ನೀವು ಬೇಡ ಅಂದರೆ ಹಾಕಲ್ಲ."

"ಪರೀಕ್ಷೆಯಲ್ಲಿ ಗಂಟು ಕೇಳ್ತಾರೆ," ಎಂದರು ಮಾವ. "ನೀನು ಕಟ್ಟೋ ಗಂಟು ನೋಡೋಕೆ ಚೆಂದ, ಎಳೆದರೆ ಬಿಚ್ಕೊಳುತ್ತೆ. ಒಂದು ಹಗ್ಗ ತಗೊಂಡು ಬಾ."

ಅತ್ತೆ ಬಟ್ಟೆ ಒಣಹಾಕಲು ಹೋದಾಗ ಹಿತ್ತಲಲ್ಲಿ ಹಗ್ಗವೇ ಇರಲಿಲ್ಲ. ಒದ್ದೆ ಬಟ್ಟೆಯ ಬಕೆಟ್ ಹಿಡಿದುಕೊಂಡು ಜಗಲಿಗೆ ಬಂದರೆ, ಅವರ ಹಗ್ಗ ಕಂಬಕ್ಕೂ ಕುರ್ಚಿಗೂ ಹತ್ತು ಬಗೆಯಲ್ಲಿ ಬಿಗಿದುಕೊಂಡಿತ್ತು. ಮಾವ ಒಂದೊಂದು ಗಂಟನ್ನೂ ಬೆರಳಲ್ಲಿ ಸವರಿ, "ಇದು ಸರಿ. ಇದು ಅಲ್ಲ. ಬಿಚ್ಚು," ಎನ್ನುತ್ತಿದ್ದರು. ಕಣ್ಣಿದ್ದಾಗಲೂ ಅವರು ಗಂಟನ್ನು ನೋಡಿ ಕಟ್ಟಿದವರಲ್ಲ. ಅತ್ತೆ ಬೈಯಲು ಬಾಯಿ ತೆರೆದು, ಹಾಗೇ ಮುಚ್ಚಿ, ಬಟ್ಟೆಗಳನ್ನು ಬೇಲಿಯ ಮೇಲೆ ಹರವಿದರು.

ಮೂರು ವಾರ ಅಭ್ಯಾಸ ನಡೆಯಿತು. ಪರೀಕ್ಷೆ ಮಾಡುವ ಅಧಿಕಾರಿ ಅವಳನ್ನು ದೋಣಿ ತಿರುಗಿಸಲು ಹೇಳಿದ, ಹಿಂದಕ್ಕೆ ತರಲು ಹೇಳಿದ, ಆರು ಗಂಟು ಕೇಳಿದ. ಕೊನೆಯ ಗಂಟನ್ನು ಎಳೆದು ಎಳೆದು ಸೋತು, "ಇದನ್ನ ಬಿಚ್ಚೋದು ಹೇಗಮ್ಮ?" ಎಂದ. ಲೈಸೆನ್ಸ್ ಬಂತು. ಗಡಿಬಿಡಿಗೆ ಒಂದು ತಿಂಗಳ ಸಂಬಳ ಕೊಟ್ಟು ಕಳಿಸಿದರು.

ಮೊದಲ ದಿನ ಬೆಳಿಗ್ಗೆ ಅತ್ತೆ ಬುತ್ತಿಯ ಜೊತೆ ಮಾವನನ್ನೂ ತಂದು ಧಕ್ಕೆಯಲ್ಲಿ ನಿಲ್ಲಿಸಿದರು. "ಇವರನ್ನೂ ಕರ್ಕೊಂಡು ಹೋಗಮ್ಮ. ಮೂರು ಗಂಟೆ ನನಗೂ ಸ್ವಲ್ಪ ನೆಮ್ಮದಿ ಸಿಗಲಿ." ದಡದಲ್ಲಿದ್ದ ಮಗ ತಂದೆಗೆ ಲೈಫ್ ಜಾಕೆಟ್ ತೊಡಿಸಿ, ತಾನೇ ಗುಂಡಿ ಹಾಕಿದ. ಮಾವ ಮೂತಿಗೆ ಹೋಗಿ ಕೂತು, ಕೈಯಾಡಿಸಿ ಹುಟ್ಟಿನ ಹಿಡಿ ಹುಡುಕಿಕೊಂಡರು. ಮೊಮ್ಮಗಳು ಅವರ ಪಕ್ಕದಲ್ಲಿ ಕೂತಳು. ನೀರು ನೋಡುವ ಕೆಲಸ ಇನ್ನು ರಜೆಯ ದಿನಗಳಲ್ಲಿ ಅವಳದೇ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಆದರೆ ಹಿಡಿಯನ್ನು ಅಜ್ಜನ ಕೈಯಿಂದ ಕೇಳುವ ಧೈರ್ಯ ಅವಳಿಗಿರಲಿಲ್ಲ.

ಪಾರ್ಟಿಯಲ್ಲಿ ನಾಲ್ವರಿದ್ದರು. ವಯಸ್ಸಾದ ಗಂಡ ಹೆಂಡತಿ, ಅವರ ಮಗಳು, ಅವಳ ಎಂಟು ವರ್ಷದ ಹುಡುಗಿ.

ಎರಡು ಬಂಡೆಗಳ ಸಂದು ಬಂತು. ಅಲೆಯ ಸದ್ದು ಕಿವಿಯಲ್ಲಿಟ್ಟುಕೊಂಡು ಮಾವ ಒಂದು ತಟ್ಟಿದರು. ತಡೆದು, ಎರಡು ತಟ್ಟಿದರು. ಅಳತೆ ಹಿಡಿದಷ್ಟು ಸರಿಯಾಗಿತ್ತು. ಸೊಸೆ ಅವರು ಹೇಳಿದಂತೆಯೇ ತಿರುಗಿಸಿದಳು, ದೋಣಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ದಾಟಿತು. ಮಾವನ ಬೆನ್ನು ನೆಟ್ಟಗಾಯಿತು.

ದ್ವೀಪವನ್ನು ಬಳಸುವ ತಿರುವಿನಲ್ಲಿ ಮಾವ ಎರಡು ತಟ್ಟಿದರು. ಬಲಕ್ಕೆ.

ಸೊಸೆ ಬಲಕ್ಕೆ ನೋಡಿದಳು. ನೀರು ಅಲ್ಲಿ ತಿಳಿಹಸಿರಾಗಿತ್ತು, ಕೆಳಗೆ ಮರಳು ಕಾಣುತ್ತಿತ್ತು. ಮೊಮ್ಮಗಳು ಗಾಬರಿಯಿಂದ ತಿರುಗಿ ಅಮ್ಮನ ಮುಖ ನೋಡಿದಳು. ಗಡಿಬಿಡಿಯನ್ನು ಬಿಟ್ಟರೆ ಹದಿನೆಂಟು ವರ್ಷದಲ್ಲಿ ಆ ದೋಣಿಯಲ್ಲಿ ತಟ್ಟಿದ್ದನ್ನು ಯಾರೂ ಮೀರಿರಲಿಲ್ಲ. ಸೊಸೆಯ ಕೈ ಒಂದು ಕ್ಷಣ ನಿಂತಿತು. ಆಮೇಲೆ ಅವಳು ಎಡಕ್ಕೆ ತಿರುಗಿಸಿದಳು.

ಮಾವ ಮತ್ತೆ ಎರಡು ತಟ್ಟಿದರು, ಈ ಸಲ ಗಟ್ಟಿಯಾಗಿ. ದೋಣಿ ಎಡಕ್ಕೇ ಹೋಯಿತು. ಎಂಬತ್ತು ಮಾರು ಬಂದಾಗ ಅವಳು ಇಂಜಿನ್ ಆರಿಸಿದಳು. ಸೆಳೆತ ದೋಣಿಯನ್ನು ಮೆಲ್ಲಗೆ ಒಯ್ಯತೊಡಗಿತು. ಮರಳಿನ ಮೇಲೆ ರೀವಗಳು ಕೂತಿದ್ದವು, ಕೆಲವು ಎರಡನೆಯ ಸಲ ಮೊಟ್ಟೆ ಇಟ್ಟಿದ್ದವು. ಒಂದೂ ಏಳಲಿಲ್ಲ.

ಮಾವ ದೋಣಿಯ ಅಂಚು ಹಿಡಿದುಕೊಂಡು ಹಿಂದಕ್ಕೆ ಬಂದರು. ದನಿ ತಗ್ಗಿಸಿ ಹೇಳಿದರು. "ಎರಡು ತಟ್ಟಿದ್ದೆ."

"ಕೇಳಿಸ್ತು ಮಾವ."

"ಎಡಕ್ಕೆ ಹೋದೆ."

"ಬಲಗಡೆ ಮರಳು ಬಂದು ಕೂತಿದೆ ಮಾವ. ಹೋಗಿದ್ರೆ ದೋಣಿ ಸಿಕ್ಕಿಹಾಕಿಕೊಳ್ತಿತ್ತು."

"ಯಾವಾಗಿನಿಂದ?"

ಮೊನ್ನೆಯಿಂದ ಎಂದು ಅವಳು ಹೇಳಬಹುದಿತ್ತು. ಮರದ ವಿಷಯದಲ್ಲಿ ಬಾಯಿ ಮುಚ್ಚಿಕೊಂಡದ್ದು ನೆನಪಾಯಿತು. "ಹೋದ ವರ್ಷದಿಂದ," ಎಂದಳು. "ಮರವೂ ಬಿದ್ದಿದೆ ಮಾವ. ಆ ದೊಡ್ಡ ಮರ. ನಾನು ಹೇಳಬೇಕಿತ್ತು."

ಮಾವ ಮರದ ಮಾತನ್ನು ಹಿಡಿಯಲಿಲ್ಲ. ಅವರ ಲೆಕ್ಕ ಮರಳಿನಲ್ಲೇ ನಿಂತಿತ್ತು. "ಹೋದ ವರ್ಷದಿಂದ ಮರಳಿದ್ರೆ ನಾನು ದಿನಾ ಇಲ್ಲಿ ಹೇಗೆ ದಾಟಿಸಿದೆ? ನಾನು ಹೋಗ್ತಿದ್ದದ್ದು ಬಲಗಡೆಯಿಂದಲೇ ಅಲ್ವಾ?"

"ನಾನು ಒಂದು ತಟ್ಟುತ್ತಿದ್ದೆ ಮಾವ. ನೀವು ಎಡಕ್ಕೆ ತಿರುಗಿಸ್ತಿದ್ರಿ."

ಕೇಳದೆ ತಿರುಗಿಸುವ ಅಭ್ಯಾಸದಲ್ಲಿ ಕೈ ಎಡಕ್ಕೆ ಹೋದದ್ದು ಅವರ ಲೆಕ್ಕಕ್ಕೇ ಬಂದಿರಲಿಲ್ಲ. ತಮಗೆ ದಾರಿ ಬಾಯಿಪಾಠ, ಸೊಸೆ ಸುಮ್ಮನೆ ಒಂದು ಆಸರೆಗೆ ತಟ್ಟುತ್ತಾಳೆ ಎಂದು ಅವರು ಇಷ್ಟು ದಿನ ನಂಬಿದ್ದರು. ಅವರ ಕೈಯಲ್ಲಿದ್ದ ಹಿಡಿ ನಿಧಾನವಾಗಿ ಕೆಳಗಿಳಿಯಿತು. ಸೊಸೆಗೆ ಅವರ ಮುಖ ನೋಡಲಾಗಲಿಲ್ಲ. ಇನ್ನು ಮೂರು ದಿನವಲ್ಲ, ಮೂರು ವರ್ಷ ಮಾತು ಬಿಡುತ್ತಾರೆ ಎಂದುಕೊಂಡಳು.

ಆಗ ಗಿರಾಕಿಗಳ ಪುಟ್ಟ ಹುಡುಗಿ, ಕೂಗಬಾರದೆಂದು ಹೇಳಿದ್ದು ನೆನಪಿಟ್ಟುಕೊಂಡು, ಮಾವನ ಹತ್ತಿರ ಬಂದು ಪಿಸುಗುಟ್ಟಿತು. "ಅಜ್ಜಾ, ಹದ್ದಿನ ಗೂಡು ಇದೆಯಂತಲ್ಲ, ಎಲ್ಲಿ?"

ಮಾವನ ಬಲಗೈ ಅಭ್ಯಾಸಬಲದಿಂದ ಅರ್ಧ ಎದ್ದಿತು. ಅಲ್ಲೇ ನಿಂತಿತು. ಆ ಕೈ ಗಾಳಿಯಲ್ಲಿ ಸ್ವಲ್ಪ ತಡವರಿಸಿ, ಸೊಸೆಯ ಭುಜವನ್ನು ಹುಡುಕಿ, ಅದರ ಮೇಲೆ ಕೂತಿತು.

"ಇವಳನ್ನ ಕೇಳು ಮಗಾ," ಎಂದರು. "ಈ ದೋಣಿ ನಡೆಸೋದು ಇವಳೇ. ಒಂದು ವರ್ಷ ಆಯ್ತು."

ಸೊಸೆ ಕೈ ಎತ್ತಿ ಹಳೆಯ ದೀಪದ ಕಂಬದ ತುದಿಯನ್ನು ತೋರಿಸಿದಳು.